ಶಿವಶರಣಪ್ಪನ ಕಲ್ಲು

ಫರ್ಸಿ ಕಲ್ಲಿಗೆ ಒಂದು ವಾರದ ಕೂಲಿ, ಹೆಸರು ಕೆತ್ತಿದವನಿಗೆ ಇನ್ನೊಂದು ವಾರದ್ದು, ಶಹಾಬಾದಿನಿಂದ ಟಂಟಂ ಆಟೋದ ಬಾಡಿಗೆ ಬೇರೆ. ಅಷ್ಟೆಲ್ಲ ಸುರಿದು ಗಂಡನ ಸಮಾಧಿಗೆ ಕಲ್ಲು ತಂದಿದ್ದ ಚಂದಮ್ಮ, ವಾಡಿಯ ರುದ್ರಭೂಮಿಯ ಆಫೀಸಿನಲ್ಲಿ ದಾಖಲೆ ನೋಡಿಕೊಳ್ಳುವ ಉಮಾದೇವಿಯ ಎದುರು ಕುಳಿತಿದ್ದಳು. "ಮಳ್ಯಾಗ ದಿಬ್ಬ ಸಪಾಟ ಆಗ್ಯಾದ. ಬಾಜೂಕ ಯಾರದಾರ ಹೇಳವ್ವ, ಅವರ ಕಲ್ಲು ನೋಡಿ ಗುರ್ತು ಹಿಡೀತೀನಿ."

ಉಮಾದೇವಿ ಕಂಪ್ಯೂಟರಿನಲ್ಲಿ ಹುಡುಕಿದಳು. ಶಿವಶರಣಪ್ಪ ಸಿಕ್ಕ. ಮೇಲೆ ಶಿವರಾಯ, ಕೆಳಗೆ ಶೇಖಪ್ಪ. ಎಲ್ಲ ಅಕ್ಷರದ ಕ್ರಮದಲ್ಲಿ! ಅವಳ ಕೈ ಅಲ್ಲೇ ನಿಂತಿತು. ಹಿಂದಿನ ಕಾರಕೂನ ಗುರಣ್ಣ ಗೇಟಿನಿಂದ ಶುರುಮಾಡಿ, ಸಮಾಧಿಗಳು ಇದ್ದ ಸಾಲಿನಲ್ಲೇ ಕಂಪ್ಯೂಟರಿನ ಫೈಲಿಗೆ ಹೆಸರು ಟೈಪ್ ಮಾಡಿದ್ದ. ಆ ಕ್ರಮವೇ ಗುರುತು, ಜಾಗವನ್ನು ಬೇರೆಯಾಗಿ ಬರೆದಿರಲಿಲ್ಲ. ಹೊಸದಾಗಿ ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆ ಕಲಿತ ಉಮಾದೇವಿ ಹೆಸರುಗಳನ್ನು ಅಕ್ಷರದಂತೆ ಜೋಡಿಸಿ ಟೇಬಲ್ಲಿಗೆ ತುಂಬಿದ್ದಳು. ಒಂದೇ ಮಾಹಿತಿ ಎರಡು ಕಡೆ ಇರಬಾರದೆಂದು ಕ್ಲಾಸಿನಲ್ಲಿ ಹೇಳಿದ್ದರು. ಅದಕ್ಕೇ ಹಳೆಯ ಫೈಲನ್ನು ಅಳಿಸಿಬಿಟ್ಟಿದ್ದಳು.

ವಿಷಯ ತಿಳಿದ ಚಂದಮ್ಮ, "ಹಂಗಾದ್ರ ಗುರಣ್ಣಗ ಕೇಳು" ಅಂದಳು.

"ಅವರನ್ನೂ ಇಲ್ಲೇ ಮಣ್ಣು ಮಾಡ್ಯಾರ, ಆಯಿ. ಎಲ್ಲಿ ಅಂತ ನನಗ ಗೊತ್ತಿಲ್ಲ."

ಹೊರಗಿನಿಂದ ಟಂಟಂನವನು ಕೂಗಿದ: "ಕಲ್ಲು ಎಲ್ಲಿ ಇಳಸ್ಲಿ, ಆಯಿ?"

ಹೆಸರುಗಳೆಲ್ಲ ಉಳಿದಿದ್ದವು. ಯಾರು ಎಲ್ಲಿ ಮಲಗಿದ್ದಾರೆ ಎಂಬುದು ಹೋಗಿತ್ತು.