ಎದುರು ಮನೆಯ ಹಸಿರು ಗುಂಡಿ

ಮುಖ, ದನಿ, ಬೆರಳಚ್ಚು ಎಲ್ಲವನ್ನೂ ಕದ್ದು ತೊಡುವ ಕಾಲ ಬಂದ ಮೇಲೆ ಬೆಟಗೇರಿಯಲ್ಲಿ ಯಾರ ಮನೆಯೂ ಬರೀ ಕೀಲಿಗೆ ತೆರೆಯುತ್ತಿರಲಿಲ್ಲ. ಕೀಲಿ ತಿರುವಿದ ಮೇಲೆ ಎದುರು ಮನೆಯವರು ಕಿಟಕಿಯಿಂದ ನೋಡಿ, ‘ಹೌದು, ಇವರೇ’ ಎಂದು ಹಸಿರು ಗುಂಡಿ ಒತ್ತಬೇಕು; ಅಲ್ಲವೆನಿಸಿದರೆ ಕೆಂಪು. ಕಲ್ಲವ್ವನ ಗುಂಡಿ ಸಾವಂತ್ರೆವ್ವನ ಗೋಡೆಯ ಮೇಲಿತ್ತು. ಅಂಗಳದಲ್ಲಿ ಒಣಹಾಕಿದ್ದ ಕಲ್ಲವ್ವನ ಶಾವಿಗೆಯನ್ನು ಸಾವಂತ್ರೆವ್ವನ ಆಡು ತಿಂದು ಒಂಬತ್ತು ವರ್ಷ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಗುಂಡಿಯನ್ನು ಮಾತ್ರ ಸಾವಂತ್ರೆವ್ವ ಒಂದು ದಿನವೂ ತಪ್ಪಿಸಿರಲಿಲ್ಲ.

ಅಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಗುಂಡಿಯ ಗಂಟೆ ಬಡಿಯಿತು. ಎದುರು ಬಾಗಿಲಲ್ಲಿ ಕಲ್ಲವ್ವ ನಿಂತಿದ್ದಳು. ಅದೇ ಇಳಕಲ್ ಸೀರೆ, ಗದ್ದದ ಮೇಲೆ ಅದೇ ಹಚ್ಚೆ. ಆ ಮನೆಯೊಳಗೆ ಹಾಸಿಗೆ ಹಿಡಿದ ಕಲ್ಲವ್ವನ ಅತ್ತೆ ಒಬ್ಬಳೇ ಇದ್ದಳು.

“ಯಕ್ಕಾ, ಆರಾಮ ಅದೀ? ಗುಂಡಿ ಒತ್ತವಾ, ಅತ್ತಿಗೆ ಗುಳಿಗಿ ಕೊಡೂದೈತಿ,” ಎಂದು ನಕ್ಕಳು.

ದನಿಯಲ್ಲಿ ಕೂದಲೆಳೆಯಷ್ಟೂ ಫರಕಿರಲಿಲ್ಲ. ಸಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ಕೆಂಪು ಗುಂಡಿ ಒತ್ತಿದಳು. ಹೊರಗಿದ್ದವಳು ಓಟ ಕಿತ್ತಳು.

ತಾಸು ಬಿಟ್ಟು ಇನ್ನೊಬ್ಬ ಕಲ್ಲವ್ವ ಬಂದಳು. ಕೀಲಿ ತಿರುವಿ, ಕಿಟಕಿಯತ್ತ ಕಣ್ಣು ಕೆಕ್ಕರಿಸಿ, ಬೆನ್ನು ಹಾಕಿ ನಿಂತಳು. ಸಾವಂತ್ರೆವ್ವ ಹಸಿರು ಒತ್ತಿದಳು.

ಸಂಜೆ ಓಣಿಯವರಿಂದ ಸುದ್ದಿ ತಿಳಿದ ಕಲ್ಲವ್ವ ಶಾವಿಗೆ ಪಾಯಸದ ಬೋಗುಣಿ ಹಿಡಿದು, ಒಂಬತ್ತು ವರ್ಷದ ಮೇಲೆ ಆ ಹೊಸ್ತಿಲಿಗೆ ಬಂದು ನಕ್ಕಳು.

“ಒಯ್ಯಿ ಅತ್ತಾಗ,” ಎಂದಳು ಸಾವಂತ್ರೆವ್ವ. “ನೀ ನಗಾಕ ಹತ್ತಿದ್ರ ನಾಳಿಂದ ನಿನ್ನ ಗುರುತ ಹೆಂಗ ಹಿಡೀಲಿ?”

ಕಲ್ಲವ್ವ ನಗು ನುಂಗಿ, ಮುಖ ಗಂಟು ಹಾಕಿಕೊಂಡಳು. “ನಿನ್ನ ಆಡಿನ ಬಾಯಾಗ ಮಣ್ಣ ಬೀಳ್ಲಿ!”

ಸಾವಂತ್ರೆವ್ವ ಕೈಚಾಚಿ ಬೋಗುಣಿ ತೆಗೆದುಕೊಂಡಳು.