ಅಮ್ಮ ದನಿಗೂಡಿಸಿದ ಮಧ್ಯಾಹ್ನ

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ಅಮ್ಮನ ಇಳಕಲ್ ಸೀರೆಯೂ ಚೆಂಬೂರಿನ ಆ ಮಧ್ಯಾಹ್ನವೂ ನೆನಪಾಗುತ್ತವೆ.

ಹೆಸರಾಂತ ಗಾಯಕಿಯೊಬ್ಬರ ಬದುಕನ್ನು ಕನ್ನಡದಲ್ಲಿ ಸಂಗೀತ ನಾಟಕ ಮಾಡಿದ್ದರು. ಒಂಬತ್ತು ವರ್ಷದ ನನ್ನನ್ನು ಕರೆದುಕೊಂಡು ಅಮ್ಮ ಜೋಗೇಶ್ವರಿಯ ಮನೆಯಿಂದ ಬಂದಿದ್ದಳು. ರಂಗದ ಮೇಲಿನ ಹುಡುಗಿ ತಂಬೂರಿ ಹಿಡಿದು ಹಾಡು ಎತ್ತಿಕೊಂಡಾಗ ಅಮ್ಮ, "ಇದನ್ನ ನಾನೂ ಕಲ್ತಿದ್ದೆ, ಲಗ್ನಕ್ಕಿಂತ ಮೊದಲ," ಎಂದು ಪಿಸುಗುಟ್ಟಿದಳು. ಆಮೇಲೆ ಮೆಲ್ಲಗೆ ದನಿಗೂಡಿಸಿದಳು. ಮನೆಯಲ್ಲಿ ಆಕೆ ಎಂದೂ ಹಾಡಿದ್ದಿಲ್ಲ. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಾಗ ನನಗೆ ನಾಚಿಕೆಯಾಯಿತು.

"ಅಮ್ಮಾ, ಚುಪ್! ಎಲ್ಲಾರೂ ನೋಡಾಕತ್ತಾರ," ಎಂದು ತೋಳು ಚಿವುಟಿದೆ.

ಅಮ್ಮ ಅಲ್ಲಿಗೇ ನಿಲ್ಲಿಸಿದಳು.

ನಾಟಕ ಮುಗಿದ ಮೇಲೆ ಅದೇ ಹೆಂಗಸು ಬಾಗಿಲಲ್ಲಿ ನಮಗಾಗಿ ಕಾದು ನಿಂತಿದ್ದಳು. "ಎಂಥ ಸ್ವರ ಮಾರಾಯ್ರೆ ನಿಮ್ಮದು! ಯಾಕೆ ನಿಲ್ಲಿಸಿದ್ದು?"

ಅಮ್ಮ ನನ್ನ ತಲೆ ಸವರಿ ನಕ್ಕಳು. "ಮುಂದಿನ ಸಾಲು ಮರತೇಬಿಟ್ಟೆ ನೋಡ್ರಿ."

ವಾಪಸು ಬರುವಾಗ ಲೋಕಲ್ ರೈಲು ಬಾಂದ್ರಾ ಬಿಟ್ಟಾಗ ನಾನು ಆಕೆಗೆ ಒತ್ತಿಕೊಂಡು ಕೂತು, "ಈಗ ಹಾಡಮ್ಮಾ," ಎಂದೆ.

ಅಮ್ಮ ಕಿಟಕಿಯಾಚೆಗೇ ನೋಡುತ್ತಿದ್ದಳು. "ನಮ್ಮ ಸ್ಟೇಷನ್ ಬಂತು, ಏಳು," ಎಂದಳು.

ಜೋಗೇಶ್ವರಿ ಇನ್ನೂ ಐದು ಸ್ಟೇಷನ್ ದೂರವಿತ್ತು.