ಅಡುಗೆಮನೆ ಗೋಡೆಯ ಸಾಕ್ಷಿ

ಗೋಡೆಗಳ ಹೇಳಿಕೆ ಪಡೆಯದೆ ಗೃಹ ಮಂಡಳಿಯ ಬಾಡಿಗೆ ಮನೆಯಿಂದ ಯಾರನ್ನೂ ಹೊರಹಾಕುವಂತಿಲ್ಲ ಎಂಬ ಕಾಯ್ದೆ ಬಂದು ಬಹಳ ವರ್ಷಗಳಾಗಿದ್ದವು. ಫಕೀರವ್ವ ಇದ್ದ ಮನೆ, ತೀರಿಹೋದ ಅವಳ ಅತ್ತೆಯ ಹೆಸರಿನಲ್ಲಿತ್ತು. ಅತ್ತೆಯ ಜೊತೆಗೇ ಬಾಳಿದ್ದು ಸಾಬೀತಾದರೆ ಸೊಸೆ ಉಳಿಯಬಹುದು. ಇಲ್ಲವಾದರೆ ಇವತ್ತೇ ಬಾಗಿಲಿಗೆ ಬೀಗ.

ಮಂಡಳಿಯ ಅಧಿಕಾರಿ ಇನಾಮದಾರ ಸಾಹೇಬರು ಪಡಸಾಲೆಯ ಗೋಡೆಗೆ ಮೈಕು ಹಿಡಿದು, “ಇಲ್ಲಿ ಯಾರ್‍ಯಾರ್ ಇದ್ರು?” ಎಂದು ಕೇಳಿದರು.

ಗೋಡೆ ತುಟಿ ಪಿಟಕ್ಕೆನ್ನಲಿಲ್ಲ. ನಿನ್ನೆಯಷ್ಟೇ ಮಂಡಳಿಯವರು ಬಂದು ಪುಕ್ಕಟೆ ಬಣ್ಣ ಬಳಿದುಹೋಗಿದ್ದರು. ಹೊಸ ಬಣ್ಣದಡಿಯಲ್ಲಿ ಗೋಡೆಗೆ ಬಾಯಿ ಬರುವುದಿಲ್ಲವೆಂಬುದು ಊರಿಗೆಲ್ಲ ಗೊತ್ತು. ಮಾಳಿಗೆ ಸೋರುತ್ತದೆಂದು ಹತ್ತು ಸಲ ಅರ್ಜಿ ಕೊಟ್ಟರೂ ಇತ್ತ ತಲೆ ಹಾಕದವರಿಗೆ ಈಗ ಉಕ್ಕಿಬಂದ ಪ್ರೀತಿ ಕಂಡು ಫಕೀರವ್ವನಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

“ಸಾಕ್ಷಿ ಇಲ್ಲ. ಸಾಮಾನು ತಗೀರಿ,” ಎಂದರು ಸಾಹೇಬರು.

“ತಡೀರಿ ಸಾಹೇಬ್ರ,” ಎಂದಳು ಫಕೀರವ್ವನ ವಕೀಲೆ ಶಾಂಭವಿ. ಬಾಡಿಗೆಗೆ ಮನೆ ಕೊಟ್ಟವರಿಗೂ ಅದರಲ್ಲಿ ಇದ್ದವರಿಗೂ ಸಲಹೆ ಹೇಳುತ್ತ ಆ ಕಾಯ್ದೆಯನ್ನು ಅರೆದು ಕುಡಿದವಳು ಅವಳು. “ಕಾಯ್ದೆದಾಗ ಎಲ್ಲಾ ಗೋಡಿ ಅಂತೈತಿ. ಅಡಗಿಮನಿಗೆ ಬರ್ರಿ.”

ಅಲ್ಲಿ ಬಣ್ಣದ ಒಂದು ಹನಿಯೂ ಬಿದ್ದಿರಲಿಲ್ಲ. ಮಂತ್ರಿಗಳು ಬಂದು ನಿಂತರೆ ಕಾಣುವಷ್ಟಕ್ಕೇ ಬಣ್ಣ ಹೊಡೆಯುವುದು ಮಂಡಳಿಯ ರೂಢಿ. ಮೋಸ ಮಾಡುವಾಗಲೂ ಅವರ ಕೈ ಆ ರೂಢಿಯನ್ನು ಮೀರಿರಲಿಲ್ಲ.

ಮಸಿ ಹಿಡಿದ ಗೋಡೆ ತಾನು ಕೇಳಿಸಿಕೊಂಡಿದ್ದನ್ನು ಅತ್ತೆಯ ದನಿಯಲ್ಲೇ ಶುರುಮಾಡಿತು: “ಏ ಫಕೀರವ್ವಾ, ಮತ್ತ ರೊಟ್ಟಿ ಕರಕ್ ಮಾಡಿದೇನ? ಈ ಮನಿಗೆ ಬಂದು ಹದಿನಾಲ್ಕು ವರ್ಷ ಆತು, ಇನ್ನೂ ಬುದ್ಧಿ ಬರ್ಲಿಲ್ಲಲ್ಲ ನಿನಗ!”

ಅತ್ತೆ ಬದುಕಿದ್ದಾಗ ಈ ಮಾತಿಗೇ ಅತ್ತಿದ್ದ ಫಕೀರವ್ವ ಈಗ ಸೆರಗು ಸಿಕ್ಕಿಸಿ ನಿಂತಳು.

“ಬರ್ಕೊಳ್ರಿ ಸಾಹೇಬ್ರ. ಒಂದ್ ಬೈಗುಳಾನೂ ಬಿಡಬ್ಯಾಡ್ರಿ.”